ಓಡುವ ತನಕ

ನಾನು ಒಂದು ಅಂಬಾಸಡರ್ ಕಾರು. ಹುಟ್ಟಿದ್ದು ಬಂಗಾಳದ ಕಾರ್ಖಾನೆಯಲ್ಲಿ, ಬಾಳಿದ್ದು ಗದಗಿನಲ್ಲಿ. ಹುಟ್ಟುವಾಗಲೇ ನನಗೆ ಹೊಟ್ಟೆ ಬಂದಿತ್ತು. ಆಗ ಅದನ್ನು ಘನತೆ ಎನ್ನುತ್ತಿದ್ದರು, ಈಗ ಕೊಬ್ಬು ಎನ್ನುತ್ತಾರೆ.

ನನ್ನನ್ನು ಕೊಂಡವರು ಎಣ್ಣೆ ಗಿರಣಿಯ ಅಂದಾನಪ್ಪನವರು, ಓಡಿಸಿದವನು ದಸ್ತಗೀರ. ಯಜಮಾನರು ನನಗೆ ಭಾರದಿಂದ ಪರಿಚಯ, ದಸ್ತಗೀರ ಪಾದದಿಂದ. ಕ್ಲಚ್ಚಿನ ಮೇಲೆ ಅವನ ಎಡಗಾಲು ಬಿದ್ದ ರೀತಿಯಲ್ಲೇ ಅವತ್ತು ಅವನ ಮನೆಯಲ್ಲಿ ಜಗಳವೋ ಹೋಳಿಗೆಯೋ ತಿಳಿಯುತ್ತಿತ್ತು.

ಒಮ್ಮೆ ಯಜಮಾನರಿಗೆ ಎದೆನೋವು ಬಂತು. ಕೆಸರು ರಸ್ತೆಯಲ್ಲಿ ನಾವಿಬ್ಬರೂ ಅವರನ್ನು ಹುಬ್ಬಳ್ಳಿ ಆಸ್ಪತ್ರೆಗೆ ಮುಟ್ಟಿಸಿದೆವು. ಮರಳುವಾಗ ಅವರು ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಮಾತು ಕೊಟ್ಟರು: "ದಸ್ತಗೀರಾ, ಈ ಗಾಡಿ ಓಡೂ ತನಕಾ ನಿನ್ನ ಕೆಲಸಾ ಖಾಯಂ ನೋಡಲೇ."

ಅಂದಿನಿಂದ ನನ್ನ ಕಾರುಬಾರಿನಲ್ಲಿ ಅವನ ಅನ್ನವೂ ಸೇರಿತು.

ಆಮೇಲೆ ಬಂತು ಹೊಸ ಕಾರು. ನಾನು ಹೊರಟರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಅದು ಹೊರಟದ್ದು ಅದಕ್ಕೇ ಗೊತ್ತಾಗದು. ನನಗೆ ಜ್ವರ ಬಂದರೆ ಬಾನೆಟ್ ಎತ್ತಿ ಒದ್ದೆ ಬಟ್ಟೆ ಹಾಕುತ್ತಿದ್ದರು. ಅದಕ್ಕೆ ಜ್ವರ ಬಂದರೆ ಲ್ಯಾಪ್‌ಟಾಪ್ ಹಿಡಿದವರು ಬರುತ್ತಾರೆ. ಆದರೂ ಒಪ್ಪಬೇಕು: ತಂಪು ಅದರಲ್ಲಿ ಹೆಚ್ಚು, ಹೊಗೆ ನನ್ನಲ್ಲಿ ಹೆಚ್ಚು.

ದಸರೆಯ ಖಂಡೇಪೂಜೆಯ ದಿನ ಇಬ್ಬರ ಗಾಲಿಯ ಕೆಳಗೂ ನಿಂಬೆಹಣ್ಣು ಇಟ್ಟರು. ಅದನ್ನು ಹಿಚುಕಿ ಮುಂದೆ ಹೋದ ಗಾಡಿಗೆ ವರ್ಷವಿಡೀ ಕ್ಷೇಮ ಎಂಬ ನಂಬಿಕೆ. ನಾನು ಒಂದು ಸಲ ಕೆಮ್ಮಿ ಹಣ್ಣಿನ ಮೇಲೆ ಹತ್ತಿಬಿಟ್ಟೆ. ಹೊಸದು ಮಾತ್ರ ಆರತಿ ಹಿಡಿದು ಎದುರು ನಿಂತ ಯಜಮಾನತಿ ಗಿರಿಜಕ್ಕನನ್ನು ಕಂಡು, "ಅಪಾಯ! ಅಪಾಯ!" ಎಂದು ಕೂಗಿ ನಿಂತೇಬಿಟ್ಟಿತು.

ದಸ್ತಗೀರ ನಕ್ಕುಬಿಟ್ಟ.

ಆ ಸಂಜೆ ಗಿರಿಜಕ್ಕ ಅಂಗಳದಲ್ಲಿ ಗಂಡನನ್ನು ಕೇಳಿದರು: "ಹೊಸದಕ್ಕ ಗೇರೂ ಇಲ್ಲ, ಕೀಲೀನೂ ಇಲ್ಲ. ಈ ಹಲ್ಲಕಿಸಿಯೋ ಡ್ರೈವರ್ ಯಾಕ ಬೇಕ್ರೀ?"

"ಮಾತು ಕೊಟ್ಟೇನಲ್ಲs. ಹಳೇದು ಇನ್ನೂ ಓಡತೈತಿ."

"ಹಂಗಾರ ಅದು ಓಡಬಾರ್ದು, ಅಷ್ಟs ಹೌದಲ್ರೀ?"

ದಸ್ತಗೀರ ಉರುಸಿಗೆ ಊರಿಗೆ ಹೋದಾಗ ಮೆಕ್ಯಾನಿಕ್ ಬಂದು ನನ್ನ ಎಂಜಿನ್ ಇಳಿಸಿಕೊಂಡು ಹೋದ. ಮರಳಿ ಬಂದ ದಸ್ತಗೀರ ಕೀಲಿ ತಿರುಗಿಸಿದ. ಬಾನೆಟ್ ಎತ್ತಿದ. ಎಂಜಿನ್ ಇರಬೇಕಾದಲ್ಲಿ ನೆಲ ಕಾಣುತ್ತಿತ್ತು.

"ಓಡಂಗಿಲ್ಲಲ್ಲೋ ಇನ್ನ, ಏನ್ ಮಾಡೂದು?" ಎಂದರು ಅಂದಾನಪ್ಪನವರು ಕಟ್ಟೆಯ ಮೇಲಿಂದ. ಕೊಟ್ಟ ಮಾತಿಗೆ ಒಂದು ಗೀರೂ ಬೀಳಲಿಲ್ಲ.

ಈಗ ನಾನು ಹೆದ್ದಾರಿ ಪಕ್ಕದ ಹೋಟೆಲಿನ ಅಲಂಕಾರ. ಗಾಲಿಗಳನ್ನು ಸಿಮೆಂಟಿನಲ್ಲಿ ಹೂತು, ಸೀಟಿನ ಮುಂದೆ ಊಟದ ಹಲಗೆ ಜೋಡಿಸಿದ್ದಾರೆ. ದಸ್ತಗೀರನೂ ಇಲ್ಲೇ ಸೀಟಿ ಊದಿ ಬಂದವರ ಗಾಡಿ ನಿಲ್ಲಿಸುತ್ತಾನೆ.

ಮೊನ್ನೆ ಅಂದಾನಪ್ಪನವರು ಹೆಂಡತಿಯೊಡನೆ ಹೊಸ ಕಾರಿನಲ್ಲಿ ಬಂದರು. ದಸ್ತಗೀರ ಓಡಿಹೋಗಿ ಕೀಲಿಗಾಗಿ ಕೈ ಚಾಚಿದ, "ಕೊಡ್ರಿ ಯಜಮಾನ್ರs, ನಾ ನಿಂದರಸ್ತೇನಿ."

"ಬ್ಯಾಡೋ, ಅದು ತಾನs ನಿಂದರತೈತಿ."

ನಿಂತಿತು, ಗೆರೆ ದಾಟದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಅದು ಯಾರಿಗೂ ಮಾತು ಕೊಟ್ಟಿಲ್ಲವಲ್ಲ.

ಗಂಡ ಹೆಂಡತಿ ನನ್ನ ಹಿಂದಿನ ಸೀಟಿನಲ್ಲಿ ಕೂತು ಗಿರಮಿಟ್ ತಿಂದರು. ಅದೇ ಸೀಟು. "ಎಷ್ಟು ಛಲೋ ಇಟ್ಟಾರ ನೋಡ್ರಿ ನಮ್ಮ ಗಾಡೀನ!" ಎಂದು ಗಿರಿಜಕ್ಕ ಮೊಬೈಲು ತೆಗೆದು ಇಳಿದರು. "ದಸ್ತಗೀರಾ, ನೀನೂ ಸ್ಟೇರಿಂಗ್ ಹಿಡಕೊಂಡು ಕುಂದ್ರು, ಫೋಟೋಕ್ಕ."

ಅವನು ಕೂತ. ರೂಢಿಯಂತೆ ಎಡಗಾಲು ಕ್ಲಚ್ಚಿನ ಮೇಲೆ ಬಿತ್ತು. ತಡೆಯೇ ಇಲ್ಲದೆ ಅದು ತಳ ಮುಟ್ಟಿತು. ಅವನ ಮನೆಯ ಸುದ್ದಿಯೆಲ್ಲ ನನಗೆ ತಿಳಿಯಿತು.

"ನಗೋ ಸ್ವಲ್ಪ!" ಎಂದರು ಗಿರಿಜಕ್ಕ.

ಅವನು ನಗಲಿಲ್ಲ. ಒಮ್ಮೆ ನಕ್ಕು ನೋಡಿದ್ದನಲ್ಲ.