ಚೀಲದ ತಳದಲ್ಲಿ ಉಳಿದ ಸುದ್ದಿ

ಕಾಗದದ ಚೀಲ ಮಾಡುವ ಆ ಕೋಣೆಯಲ್ಲಿ ಐದು ಹೆಂಗಸರು ಕೆಲಸ ಮಾಡುತ್ತಾರೆ. ಒಬ್ಬಳು ಹಳೆಯ ಪತ್ರಿಕೆಗಳನ್ನು ಅಳತೆಗೆ ಕತ್ತರಿಸುತ್ತಾಳೆ, ಇಬ್ಬರು ಮಡಚುತ್ತಾರೆ, ಒಬ್ಬಳು ನೂರರ ಕಟ್ಟು ಕಟ್ಟುತ್ತಾಳೆ. ಅಂಟು ಹಚ್ಚುವುದು ಅವರಲ್ಲಿ ಹಿರಿಯಳಾದ ಐವತ್ತೆರಡು ವರ್ಷದ ಹೆಂಗಸಿನ ಕೆಲಸ. ಪಕ್ಕ ಅಂಟಿಸಿ, ತಳವನ್ನು ನಾಲ್ಕು ಬೆರಳಗಲ ಮೇಲಕ್ಕೆ ಮಡಚಿ, ಅಂಗೈಯಿಂದ ಒಮ್ಮೆ ಒತ್ತಿ ಸವರಿದರೆ ಚೀಲ ಸಿದ್ಧ. ಅವಳು ಅಂಟಿಸಿದ ಚೀಲಕ್ಕೆ ಮೊಳೆ ತುಂಬಿದರೂ ತಳ ಬಿಚ್ಚುವುದಿಲ್ಲ.

ಅವಳಿಗೆ ಎಲ್ಲರೂ ಇಟ್ಟ ಹೆಸರು ಪತ್ತೇದಾರಮ್ಮ. ಗಂಡ ಬೀಗ ರಿಪೇರಿ ಮಾಡುವವನು. ಅವನೇ ಹಾಕಿದ ಬೀಗವನ್ನೂ ಎರಡು ಸಲ ಎಳೆದು ನೋಡದೆ ಅವಳು ಮನೆಯಿಂದ ಹೊರಡುವುದಿಲ್ಲ.

ಒಂದು ಮಧ್ಯಾಹ್ನ, ಒಣಗಲು ಇಟ್ಟ ಚೀಲಗಳನ್ನು ಜೋಡಿಸುವಾಗ ಒಂದರ ಮೇಲೆ ಅವಳ ಕಣ್ಣು ನಿಂತಿತು. ತಲೆಬರಹ ದಪ್ಪಕ್ಷರದಲ್ಲಿತ್ತು: ‘ರಕ್ತದೊತ್ತಡದ ಮಾತ್ರೆಗೆ ವಿದಾಯ? ಬೀಜದ ಸಾರದ ಮೇಲೆ ಹೊಸ ಸಂಶೋಧನೆ’. ಕೆಳಗೆ ಆರು ಸಾಲು. ನಾಲ್ಕು ವಾರ ಒಂದು ಬೀಜದ ಸಾರ ಕೊಟ್ಟಾಗ ರಕ್ತದೊತ್ತಡ ಗಮನಾರ್ಹವಾಗಿ ಇಳಿದಿದೆ, ಅಡ್ಡ ಪರಿಣಾಮ ಕಂಡುಬಂದಿಲ್ಲ ಎಂದು ವಿಜ್ಞಾನಿಗಳು ತಿಳಿಸಿದ್ದಾರೆ ಎಂದಿತ್ತು. ಅಷ್ಟಕ್ಕೆ ಚೀಲ ಮುಗಿದಿತ್ತು.

ಅವಳು ಬಿಪಿ ಮಾತ್ರೆ ನುಂಗಲು ಶುರುಮಾಡಿ ಮೂರು ವರ್ಷವಾಗಿತ್ತು. ಅವಳ ಅಕ್ಕ ಅದೇ ಕೋಣೆಯಲ್ಲಿ ಚೀಲ ಮಡಚುತ್ತಿದ್ದವಳು. ಒಂದು ಬೆಳಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅಂದೇ ಮನೆಯವರೆಲ್ಲ ಸೇರಿ ಇವಳನ್ನೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದರು. ಬಿಪಿ ಹೆಚ್ಚಿದೆ ಎಂದು ಗೊತ್ತಾದದ್ದು ಆಗ.

“ಮಾತ್ರೆ ಬೇಡವಂತೆ. ಸಂಶೋಧನೆ ಆಗಿದೆಯಂತೆ. ನಮಗೆ ಯಾರೂ ಹೇಳಲಿಲ್ಲ ನೋಡು,” ಎಂದು ಅವಳು ಪಕ್ಕದಲ್ಲಿ ಮಡಚುತ್ತಿದ್ದ ನಾದಿನಿಗೆ ಚೀಲ ತೋರಿಸಿದಳು.

“ಯಾವ ಬೀಜವಂತೆ ಅತ್ತಿಗೆ?”

“ಅದನ್ನ ಬರೆದಿಲ್ಲ. ಬೇಕಂತಲೇ ಬಿಟ್ಟಿರ್ತಾರೆ. ಹೇಳಿಬಿಟ್ರೆ ಮಾತ್ರೆ ಕಂಪನಿ ಬಾಗಿಲು ಹಾಕಬೇಕಲ್ಲ?”

“ಬೀಜವೇ ಗೊತ್ತಿಲ್ಲದೆ ಮಾತ್ರೆ ಬಿಡ್ತೀರಾ?”

“ಬೀಜ ಆಮೇಲೆ ಪತ್ತೆ ಮಾಡೋಣ. ಮೊದಲು ಇವರ ಆಟ ನಿಲ್ಲಲಿ.”

ನಾದಿನಿ ನಕ್ಕು ಮುಂದಿನ ಹಾಳೆ ಮಡಚಿದಳು. ಅತ್ತಿಗೆ ನಿಜವಾಗಿಯೂ ಬಿಡುತ್ತಾಳೆ ಎಂದು ಅವಳು ಅಂದುಕೊಂಡಿರಲಿಲ್ಲ.

ಹನ್ನೊಂದನೆಯ ದಿನ ಮನೆಯಲ್ಲಿ ಕಪಾಟು ಒರೆಸುವಾಗ ಈ ತಿಂಗಳ ಮಾತ್ರೆಯ ಸ್ಟ್ರಿಪ್ ನಾದಿನಿಯ ಕೈಗೆ ಸಿಕ್ಕಿತು. ಅದರಲ್ಲಿ ಒಂದು ಗುಳಿಯೂ ಒಡೆದಿರಲಿಲ್ಲ. ಅವಳು ಅತ್ತಿಗೆಯನ್ನು ಕೇಳಲಿಲ್ಲ. ಕೇಳಿದರೆ ಸ್ಟ್ರಿಪ್ಪಿನ ಜಾಗ ಬದಲಾಗುತ್ತದೆ, ಅಷ್ಟೇ. ಅವಳು ನೇರ ಆರೋಗ್ಯ ಕೇಂದ್ರಕ್ಕೆ ಹೋದಳು.

ಮರುದಿನ ಹತ್ತು ಗಂಟೆಗೆ ನರ್ಸಮ್ಮ ಚೀಲದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹೆಗಲಲ್ಲಿ ಬಿಪಿ ಮೆಷಿನ್ ಇತ್ತು.

“ಓಹೋ, ದೂರು ಹೋಗಿದೆ,” ಎಂದು ಪತ್ತೇದಾರಮ್ಮ ನಾದಿನಿಯತ್ತ ನೋಡಿದಳು. “ಮನೆಯಲ್ಲೇ ಗೂಢಚಾರಿಣಿ!”

“ಕಲಿತದ್ದು ನಿಮ್ಮಿಂದಲೇ ಅತ್ತಿಗೆ.”

ನರ್ಸಮ್ಮ ನಗಲಿಲ್ಲ. “ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು?”

“ಹನ್ನೆರಡು. ಏನಾಗಿದೆ ನನಗೆ? ತಲೆನೋವಿಲ್ಲ, ತಲೆಸುತ್ತಿಲ್ಲ. ನಾನೇ ಒಂದು ಕೇಳ್ತೀನಿ, ನೇರ ಹೇಳಿ. ನಾನು ಮಾತ್ರೆ ನುಂಗಿದ್ರೆ ನಿಮಗೆ ಕಂಪನಿಯಿಂದ ಏನು ಬರುತ್ತೆ?”

ಕೋಣೆಯಲ್ಲಿ ಕತ್ತರಿಯ ಸದ್ದು ನಿಂತಿತು.

“ಕೇಳಬೇಕಾದ ಪ್ರಶ್ನೆಯೇ,” ಎಂದರು ನರ್ಸಮ್ಮ. “ನನಗೆ ಸಂಬಳ ಬರುತ್ತೆ. ನೀವು ನುಂಗಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಮಾತ್ರೆ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತೆ. ಕಂಪನಿಗೆ ಲಾಭ ಇಲ್ವಾ ಅಂದ್ರೆ, ಇದೆ. ಇಲ್ಲ ಅಂತ ನಾನು ಹೇಳಲ್ಲ. ಈಗ ನನ್ನ ಪ್ರಶ್ನೆ. ಎದೆನೋವು, ಉಸಿರು ಕಟ್ಟೋದು, ಮಾತು ತೊದಲೋದು, ಕಣ್ಣು ಮಂಜಾಗೋದು, ಕೈಕಾಲಲ್ಲಿ ಒಂದೇ ಕಡೆ ಸೋಲು, ಇದ್ರಲ್ಲಿ ಏನಾದ್ರೂ ಇದೆಯಾ?”

“ಒಂದೂ ಇಲ್ಲ.”

“ಇದ್ದಿದ್ರೆ ನಾನಿಲ್ಲಿ ಮಾತಾಡ್ತಾ ಕೂರ್ತಿರಲಿಲ್ಲ, ನಿಮ್ಮನ್ನ ಆಸ್ಪತ್ರೆಗೆ ಹೊರಡಿಸ್ತಿದ್ದೆ. ಕೂತ್ಕೊಳ್ಳಿ. ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೆ ಊರಿ. ಐದು ನಿಮಿಷ ಮಾತಿಲ್ಲ.”

“ಐದು ನಿಮಿಷ ಮಾತಿಲ್ಲದೆ ಇವರಾ?” ಎಂದಳು ಕತ್ತರಿಯವಳು.

ಐದು ನಿಮಿಷದ ನಂತರ ಮೆಷಿನ್ ತೋರಿಸಿದ್ದು ನೂರ ಎಪ್ಪತ್ತೆಂಟು, ಕೆಳಗೆ ನೂರ ನಾಲ್ಕು. ಹೋದ ತಿಂಗಳ ಚೀಟಿಯಲ್ಲಿ ನೂರ ಮೂವತ್ತೆರಡು, ಎಂಬತ್ತನಾಲ್ಕು ಎಂದಿತ್ತು.

“ಮೆಷಿನ್ ಕೆಟ್ಟಿದೆ,” ಎಂದಳು ಪತ್ತೇದಾರಮ್ಮ.

ನರ್ಸಮ್ಮ ವಾದಕ್ಕೆ ಇಳಿಯಲಿಲ್ಲ. ಅದೇ ಪಟ್ಟಿಯನ್ನು ನಾದಿನಿಯ ತೋಳಿಗೆ ಸುತ್ತಿದರು. ನೂರ ಹದಿನೆಂಟು, ಎಪ್ಪತ್ತಾರು. ಮತ್ತೆ ಪತ್ತೇದಾರಮ್ಮನ ತೋಳಿಗೆ ಸುತ್ತಿದರು. ನೂರ ಎಪ್ಪತ್ತನಾಲ್ಕು, ನೂರ ಎರಡು.

“ಮೆಷಿನ್‌ಗೆ ನನ್ನ ಮೇಲೆ ಮಾತ್ರ ಸಿಟ್ಟು.”

ಯಾರೂ ನಗಲಿಲ್ಲ. ನಾದಿನಿ ಮಡಚುವ ಮಣೆಯನ್ನೇ ನೋಡುತ್ತಾ ಹೇಳಿದಳು: “ದೊಡ್ಡಕ್ಕನೂ ಇದೇ ಮಾತು ಹೇಳ್ತಿದ್ರು ಅತ್ತಿಗೆ. ನನಗೇನೂ ಆಗಿಲ್ಲ, ತಲೆನೋವೂ ಇಲ್ಲ ಅಂತ. ಲಕ್ವ ಹೊಡೆಯೋ ಹಿಂದಿನ ದಿನ ಸಾಯಂಕಾಲದವರೆಗೂ ಹೇಳಿದ್ರು.”

ಪತ್ತೇದಾರಮ್ಮನ ಮುಖ ಸಣ್ಣದಾಯಿತು. ಅಕ್ಕನಿಗೆ ಬೆಳಗಿನ ತಿಂಡಿ ತಿನ್ನಿಸುವವಳು ಅವಳೇ. ಆದರೂ ಪಟ್ಟು ಬಿಡಲಿಲ್ಲ. ಕೈಚೀಲದಿಂದ ಆ ಕಾಗದದ ಚೀಲ ತೆಗೆದು ನರ್ಸಮ್ಮನ ಮುಂದಿಟ್ಟಳು. “ಹಾಗಾದ್ರೆ ಇದು ಸುಳ್ಳಾ? ಅಚ್ಚಾಗಿದೆ, ಓದಿ.”

ನರ್ಸಮ್ಮ ಎರಡು ಸಲ ಓದಿದರು. “ಸುಳ್ಳು ಅಂತ ನಾನು ಹೇಳಲಾರೆ. ಆದ್ರೆ ಇದು ಅರ್ಧ. ಯಾರ ಮೇಲೆ ಪರೀಕ್ಷೆ ಮಾಡಿದ್ರು? ಎಷ್ಟು ಜನರ ಮೇಲೆ? ಯಾವ ವರ್ಷ? ಇನ್ನರ್ಧ ಎಲ್ಲಿ?”

“ಅದನ್ನೇ ನಾನು ಹೇಳ್ತಿರೋದು. ಮುಚ್ಚಿಟ್ಟಿದ್ದಾರೆ.”

ಕತ್ತರಿಯವಳು ಚೀಲವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ದಿನವಿಡೀ ಹಾಳೆಗಳ ಮೇಲೆಯೇ ಕಣ್ಣಿಟ್ಟವಳು ಅವಳು. “ಸುದ್ದಿಯನ್ನ ನಾನು ಇಲ್ಲಿಗೆ ಕತ್ತರಿಸಿಲ್ಲ ಅಕ್ಕ. ಈ ಸಾಲು ಕೆಳಗೆ ಇಳಿದಿದೆ. ತಳದ ಮಡಿಕೆಯೊಳಗೆ ಇದೆ ನೋಡಿ.”

ಒದ್ದೆ ಬಟ್ಟೆ ತಂದು ತಳದ ಮೇಲಿಟ್ಟರು. ಅಂಟು ಬಿಗಿಯಾಗಿತ್ತು. ನೆನೆಯಲು ಹತ್ತು ನಿಮಿಷ ಬೇಕಾಯಿತು. ಆಮೇಲೆ ಕತ್ತರಿಯವಳು ಉಗುರಿನ ತುದಿಯಿಂದ ಮಡಿಕೆಯನ್ನು ಎಬ್ಬಿಸಿದಳು. ಒಳಗೆ ಏಳೆಂಟು ಸಾಲು ಇದ್ದವು. ಎರಡು ಅಂಟಿಗೆ ಕಿತ್ತುಹೋದವು, ಉಳಿದವನ್ನು ನಾದಿನಿ ಗಟ್ಟಿಯಾಗಿ ಓದಿದಳು.

“ಪ್ರಯೋಗವನ್ನು ಇಪ್ಪತ್ತನಾಲ್ಕು ಇಲಿಗಳ ಮೇಲೆ ನಡೆಸಲಾಗಿದೆ. ಮನುಷ್ಯರ ಮೇಲಿನ ಪರೀಕ್ಷೆ ಇನ್ನೂ ಆರಂಭವಾಗಿಲ್ಲ. ರೋಗಿಗಳು ಈಗಿನ ಚಿಕಿತ್ಸೆಯನ್ನು ಬಿಡಬಾರದು ಎಂದು ತಂಡದ ಮುಖ್ಯಸ್ಥರು ಹೇಳಿದ್ದಾರೆ.”



“ಈ ಚೀಲ ಅಂಟಿಸಿದ್ದು ಯಾರು?” ಎಂದು ಕೇಳಿದಳು ಕಟ್ಟು ಕಟ್ಟುವವಳು. ಉತ್ತರ ಅವಳಿಗೂ ಗೊತ್ತಿತ್ತು. ಆ ಕೋಣೆಯಲ್ಲಿ ಅಂಟು ಹಚ್ಚುವವಳು ಒಬ್ಬಳೇ.

“ನಾನೇ,” ಎಂದಳು ಪತ್ತೇದಾರಮ್ಮ. “ನನ್ನ ಕೈಯಾರೆ ಮುಚ್ಚಿ, ಮೇಲಿಂದ ಒತ್ತಿ ಬೇರೆ ಸವರಿದ್ದೀನಿ.”

“ಇಲಿಗಳಿಗೆ ಬಿಪಿ ಇಳಿದಿದೆ, ನಿಮಗೆ ಏರಿದೆ,” ಎಂದಳು ಕತ್ತರಿಯವಳು. ಈಗ ಎಲ್ಲರೂ ನಕ್ಕರು. ಪತ್ತೇದಾರಮ್ಮನೂ ನಕ್ಕಳು, ಕೊನೆಯಲ್ಲಿ.

ನಗು ನಿಂತ ಮೇಲೆ ಅವಳು ಮತ್ತೆ ಕೇಳಿದಳು. “ಇಲಿಗೆ ಆಗಿದ್ದು ಮನುಷ್ಯರಿಗೆ ಯಾಕೆ ಆಗಬಾರದು?”

“ಆಗಬಹುದು, ಆಗದೇ ಇರಬಹುದು. ಅದನ್ನ ನೋಡೋಕೇ ಪರೀಕ್ಷೆ. ಮೊದಲು ಗಾಜಿನ ತಟ್ಟೆಯಲ್ಲಿ, ಆಮೇಲೆ ಪ್ರಾಣಿಗಳಲ್ಲಿ, ಆಮೇಲೆ ಕೆಲವೇ ಜನರಲ್ಲಿ, ನಂತರ ನೂರಾರು, ಸಾವಿರಾರು ರೋಗಿಗಳಲ್ಲಿ. ವರ್ಷಗಳು ಹಿಡಿಯುತ್ತೆ. ಇಲಿಯಲ್ಲಿ ಗೆದ್ದ ಔಷಧಿಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಬಿದ್ದುಹೋಗುತ್ತವೆ.”

“ನಿಮ್ಮವರು ಯಾವತ್ತೂ ತಪ್ಪಿಲ್ವಾ?”

“ತಪ್ಪಿದ್ದಾರೆ. ಹಿಂದೆ ಎಷ್ಟೋ ಕಡೆ ಡಾಕ್ಟರುಗಳೇ ಎಳೆಮಗುವನ್ನ ಬೋರಲು ಮಲಗಿಸಿ ಅಂತಿದ್ರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಅಧ್ಯಯನ ಆಯ್ತು. ಬೋರಲು ಮಲಗಿದ ಮಕ್ಕಳಲ್ಲಿ ನಿದ್ದೆಯಲ್ಲೇ ಹಠಾತ್ ಸಾವು ಹೆಚ್ಚು ಅಂತ ಎಲ್ಲ ಕಡೆಯೂ ಬಂತು. ಈಗ ಅಂಗಾತ ಮಲಗಿಸಿ ಅಂತೀವಿ. ಒಂದೇ ಕಡೆ, ಒಂದೇ ಸಲ ಬಂದ ಫಲಿತಾಂಶ ನೋಡಿ ಬದಲಾಯಿಸಲಿಲ್ಲ. ನೀವು ಅನುಮಾನಪಡಿ, ಬೇಡ ಅನ್ನಲ್ಲ. ಆದ್ರೆ ನನ್ನ ಮೇಲೆ ಪಟ್ಟಷ್ಟನ್ನೇ ಆ ಚೀಲದ ಮೇಲೂ ಪಡಬೇಕಿತ್ತು.”

ಪತ್ತೇದಾರಮ್ಮ ಎದ್ದು ಕೈ ತೊಳೆದಳು. “ಹನ್ನೆರಡು ದಿನದ ಬಾಕಿ ಮಾತ್ರೆ ಒಟ್ಟಿಗೆ ನುಂಗಲಾ?”

“ಖಂಡಿತ ಬೇಡ! ಅಪಾಯ. ಇವತ್ತೇ ಡಾಕ್ಟರ ಹತ್ತಿರ ಬನ್ನಿ. ಹೇಗೆ ಶುರುಮಾಡಬೇಕು ಅಂತ ಅವರು ಹೇಳ್ತಾರೆ.”

ಅವಳು ಬಿಚ್ಚಿದ ಚೀಲವನ್ನೂ ಜೊತೆಗೆ ಒಯ್ದಳು. ಡಾಕ್ಟರು ಚೀಟಿ ಬರೆಯುವ ಮೊದಲೇ ಕೇಳಿದಳು: “ಈ ನಿಮ್ಮ ಮಾತ್ರೆ ಇಲಿದಾ, ಮನುಷ್ಯರದಾ?” ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಈ ಬಗೆಯ ಮಾತ್ರೆಗಳನ್ನು ಹತ್ತಾರು ವರ್ಷಗಳಿಂದ, ಹಲವು ದೇಶಗಳಲ್ಲಿ, ಒಟ್ಟು ಲಕ್ಷಾಂತರ ಜನರ ಮೇಲೆ ಪರೀಕ್ಷಿಸಿದ್ದಾರೆ, ಇವು ಲಕ್ವ ಮತ್ತು ಹೃದಯಾಘಾತದ ಅಪಾಯವನ್ನು ಕಡಿಮೆ ಮಾಡುತ್ತವೆ ಎಂದು ಹೇಳಿದರು. ಪೂರ್ತಿ ಇಲ್ಲವಾಗಿಸುವುದಿಲ್ಲ ಎಂದೂ ಸೇರಿಸಿದರು. ಅಡ್ಡ ಪರಿಣಾಮ ಯಾವುವು, ಯಾವುದಾದರೆ ತಿಳಿಸಬೇಕು ಎಂಬುದನ್ನು ಅವಳು ಎರಡು ಸಲ ಕೇಳಿ ಬರೆಸಿಕೊಂಡಳು.

ಮನೆಗೆ ಬಂದು ಗಂಡನ ಮುಂದೆ ನಿಂತಳು. “ನಿಮ್ಮ ಬಿಪಿ ಎಷ್ಟು?”

“ನನಗೆಲ್ಲಿದೆ ಬಿಪಿ? ಗಟ್ಟಿಮುಟ್ಟಾಗಿದ್ದೀನಲ್ಲ.”

“ನೋಡಿಸಿದ್ದೀರಾ?”

ಅವನು ನೋಡಿಸಿರಲಿಲ್ಲ. ವಾರದೊಳಗೆ ನೋಡಿಸಿದ. ನೂರ ಐವತ್ತೆರಡು ಬಂತು. ಒಂದೇ ಸಲ ನೋಡಿ ರೋಗ ಎಂದು ತೀರ್ಮಾನಿಸುವುದಿಲ್ಲ, ಬೇರೆ ದಿನ ಇನ್ನೆರಡು ಸಲ ಬನ್ನಿ ಎಂದರು ನರ್ಸಮ್ಮ. ಅವನು ಹೋಗುತ್ತಾನೋ ಇಲ್ಲವೋ ಎಂದು ನೋಡಲು ಪತ್ತೇದಾರಮ್ಮ ಎರಡು ಸಲವೂ ಹಿಂದೆಯೇ ಹೋದಳು.

ಮಾತ್ರೆ ಮತ್ತೆ ಶುರುಮಾಡಿ ಒಂದು ತಿಂಗಳ ಮೇಲೆ ಅವಳ ಬಿಪಿ ನೂರ ಮೂವತ್ತಾರು, ಎಂಬತ್ತಾರಕ್ಕೆ ಇಳಿಯಿತು. “ಇನ್ನೊಂದು ಕೈಯಲ್ಲೂ ನೋಡಿ,” ಎಂದಳು. ನರ್ಸಮ್ಮ ನೋಡಿದರು. ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ‘ಹೊಸ ಸಂಶೋಧನೆ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬರಲಿ, ಫೋನಿನಲ್ಲಿ ಬರಲಿ, ಪಕ್ಕದ ಮನೆಯವರ ಬಾಯಲ್ಲಿ ಬರಲಿ, ಕೊನೆಯವರೆಗೆ ಓದಿ. ಪರೀಕ್ಷೆ ನಡೆದದ್ದು ಇಲಿಯ ಮೇಲೋ, ಮನುಷ್ಯರ ಮೇಲೋ? ಎಷ್ಟು ಜನರ ಮೇಲೆ, ಎಷ್ಟು ಕಾಲ? ಖರ್ಚು ಯಾರದು? ಬೇರೆಯವರು ಮಾಡಿ ನೋಡಿದಾಗಲೂ ಅದೇ ಬಂತೇ? ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ಡಾಕ್ಟರ ಹತ್ತಿರವೋ ಆರೋಗ್ಯ ಕಾರ್ಯಕರ್ತೆಯ ಹತ್ತಿರವೋ ಒಯ್ದು ಕೇಳಿ. ಕೇಳುವುದು ನಿಮ್ಮ ಹಕ್ಕು. ಬಿಪಿ ಹೆಚ್ಚಾದದ್ದು ಎಷ್ಟೋ ಜನರಿಗೆ ಮೈಮೇಲೆ ಗೊತ್ತೇ ಆಗುವುದಿಲ್ಲ, ಅಳೆದರಷ್ಟೇ ಗೊತ್ತಾಗುತ್ತದೆ.

ಏನನ್ನೋ ಓದಿ ಈಗಾಗಲೇ ಮಾತ್ರೆ ನಿಲ್ಲಿಸಿದ್ದೀರಾ? ಬೈಯುತ್ತಾರೆಂದು ಮುಚ್ಚಿಡಬೇಡಿ. ಮುಂದಿನ ತಪಾಸಣೆಯವರೆಗೂ ಕಾಯಬೇಡಿ. ಇವತ್ತೇ ಹೋಗಿ ಹೇಳಿ.