ಬಸ್ಸಿನ ದನಿಯ ಸ್ಕೂಟರು

ನನ್ನ ಸ್ಕೂಟರಿನ ಜೊತೆಗೆ ಬಂದಿದ್ದ ಹಾರ್ನು ಹಾರ್ನೇ ಆಗಿರಲಿಲ್ಲ. ಒಳಗೆ ಹೆಂಗಸರಿದ್ದಾರೆಂದು ಬಾಗಿಲಾಚೆ ನಿಂತು ಯಾರೋ ಸಂಕೋಚದಿಂದ ಕೆಮ್ಮಿದಂತೆ ಅದರ ದನಿ. ಗಾಡಿ ಜೋರಾಗಿ ಓಡುವಾಗ ಅಷ್ಟಾದರೂ ಕೇಳುತ್ತಿತ್ತು. ನಿಧಾನ ಮಾಡಿದರೆ, ಅಂದರೆ ಹಾರ್ನು ನಿಜವಾಗಿ ಬೇಕಾದ ಹೊತ್ತಿಗೆ, ಅದೂ ಇಲ್ಲ. ಕೆರೂರಿನಲ್ಲಿ ನನ್ನ ಮನೆ, ಹದಿನಾಲ್ಕು ಕಿಲೋಮೀಟರು ದೂರದ ಕಲ್ಲದಿನ್ನಿಯಲ್ಲಿ ನನ್ನ ಶಾಲೆ. ಊರು ಇನ್ನೊಂದು ಮೈಲಿ ಇದೆ ಎನ್ನುವಾಗ ಒಂದು ದಿನ್ನೆ ಬರುತ್ತದೆ. ಅದರ ಮೇಲೆ ದಿನಾ ಕುರಿಹಿಂಡು ಅಡ್ಡ. ಕುರಿಗಳು ನನ್ನನ್ನು ನೋಡುತ್ತಿದ್ದವು, ನಾನು ಕುರಿಗಳನ್ನು ನೋಡುತ್ತಿದ್ದೆ. ನಲವತ್ತು ಮಕ್ಕಳನ್ನು ಬರೀ ಕಣ್ಣಿನಿಂದ ಸುಮ್ಮನೆ ಕೂಡಿಸುವ ಕೃಷ್ಣಾಜಿ ಮಾಸ್ತರ ನಾನು. ಒಂದು ಟಗರು ನನಗೆ ಕಿಮ್ಮತ್ತು ಕೊಡಲಿಲ್ಲವೆಂದರೆ ಸಿಟ್ಟು ಬಾರದೆ ಇರುತ್ತದೆಯೇ?

೧೯೭೯ರ ಸಂಕ್ರಾಂತಿ ಮುಗಿದ ಮೇಲೆ ಒಂದು ರವಿವಾರ ಬಾಗಲಕೋಟೆಗೆ ಹೋಗಿ ಮೆಕ್ಯಾನಿಕ್ ಇಮಾಮಸಾಬನ ಮುಂದೆ ಗಾಡಿ ನಿಲ್ಲಿಸಿದೆ.

"ಊರಿಗೆ ಊರs ಕೇಳೂವಂಥಾ ಹಾರ್ನ್ ಬೇಕು ನೋಡಪಾ," ಎಂದೆ.

ಅವನು ಮೂಲೆಯ ಹಳೆ ಸಾಮಾನಿನೊಳಗಿಂದ ಕಪ್ಪು ಬಟ್ಟಲಿನಂಥದೊಂದನ್ನು ಎಳೆದು ತೆಗೆದ. "ಇದು ಬಸ್ಸಿಂದೈತ್ರಿ ಸರ. ನಿಮ್ಮ ಗಾಡ್ಯಾಗ ಬ್ಯಾಟ್ರಿ ಇಲ್ಲ, ಇದಕ್ಕ ಹೊಟ್ಟಿ ಭಾಳ. ಬ್ಯಾಟ್ರಿ ಕೂಡಸಬೇಕಾಗ್ತೈತಿ."

"ಕೂಡಸು."

ಸೀಟಿನ ಮಗ್ಗುಲ ಡಬ್ಬಿಯೊಳಗೆ ಬ್ಯಾಟರಿ ಕೂಡಿಸಿದ. ಮುಂದಿನ ಮಡ್‌ಗಾರ್ಡಿಗೆ ತಗಡಿನ ಪಟ್ಟಿ ಬಿಗಿದು, ಅದರ ಮೇಲೆ ಹಾರ್ನು ನಿಲ್ಲಿಸಿ, ವೈರು ಎಳೆದು, ಹ್ಯಾಂಡಲ್ಲಿಗೆ ಹೊಸ ಬಟನ್ನು ಹಚ್ಚಿದ. ಒತ್ತಿದೆ. ಎದುರಿನ ಚಹಾದಂಗಡಿಯಲ್ಲಿ ಬೆಂಚಿನ ಮೇಲೆ ಕೂತಿದ್ದ ಮೂವರೂ ಒಮ್ಮೆಲೇ ಎದ್ದು ನಿಂತರು. ಒಬ್ಬನಂತೂ ಚೀಲ ಎತ್ತಿಕೊಂಡು ರಸ್ತೆಗೇ ಬಂದ. ನನ್ನ ಎದೆಯೇ ಒಂದು ಗಳಿಗೆ ನಿಂತಂತಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಂದ ಖುಷಿಯೂ ಅಷ್ಟೇ ದೊಡ್ಡದು.

ಮನೆಯ ಮುಂದೆ ಬಾರಿಸಿದಾಗ ಹೆಂಡತಿ ಜಾನಕಿಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. "ಅಯ್ಯ, ಓಣ್ಯಾಗ ಬಸ್ ಯಾಕ ಬಂತು ಅಂದೆ! ಇಲಿ ಬಾಯಾಗ ಹುಲಿ ದನಿ ಇಟ್ಟಂಗ ಆತಲ್ರೀ. ಯಾರಿಗರೆ ಎದಿ ಒಡದೀತು, ತಗಸರಿ ಅದನ್ನ." ಹೆಂಗಸಿಗೆ ಮಶೀನಿನ ವಿಷಯ ಏನು ಗೊತ್ತು ಎಂದು ನಾನು ಕೈಕಾಲು ತೊಳೆಯಲು ಹೋದೆ.

ಕಲ್ಲದಿನ್ನಿಗೆ ದಿನಕ್ಕೆ ಒಂದೇ ಬಸ್ಸು. ಮುಂಜಾನೆ ಕೆರೂರಿನಿಂದ ಬಂದು, ಊರ ಹೊರಗಿನ ಬೇವಿನ ಮರ ಸುತ್ತಿ, ಮತ್ತೆ ಕೆರೂರು ಹಾದು ಬಾಗಲಕೋಟೆಗೆ ಹೋಗುತ್ತಿತ್ತು. ಎಂಟೂವರೆಗೂ ಬರಬಹುದು, ಒಂಬತ್ತೂವರೆಗೂ ಬರಬಹುದು. ಹೀಗಾಗಿ ಯಾರೂ ಮರದ ಕೆಳಗೆ ಹೋಗಿ ಕಾಯುತ್ತಿರಲಿಲ್ಲ. ದಿನ್ನೆ ಹತ್ತಿದ ಕೂಡಲೇ ಡ್ರೈವರ ಯಮನಪ್ಪ ಮೂರು ಸಲ ಹಾರ್ನು ಬಾರಿಸುತ್ತಿದ್ದ. ಅದನ್ನು ಕೇಳಿ ಮಂದಿ ಮನೆ ಬಿಡುವುದು, ಅವನು ಮರದ ಕೆಳಗೆ ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಬಂದು ಹತ್ತುವುದು. ಊರಿಗೂ ಅವನಿಗೂ ಇದ್ದ ಕರಾರು ಅದು. ದೊಡ್ಡ ಕೆಲಸಕ್ಕೆ ಹೊರಟವರು ಹೊಸ್ತಿಲು ದಾಟಿದ ಮೇಲೆ ಎಲ್ಲಿಯೂ ಕೂತು ಕಾಯಬಾರದು, ಕೆಲಸ ಕೆಡುತ್ತದೆ ಎಂಬ ನಂಬಿಕೆ ಬೇರೆ. ಆರು ವರ್ಷ ಆ ಊರಲ್ಲಿ ಕಲಿಸಿದ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಲಿಲ್ಲ.

ಮೊದಲ ದಿನ ದಿನ್ನೆಯ ಮೇಲೆ ಮೂರು ಸಲ ಬಾರಿಸಿದೆ. ಕುರಿಗಳು ಹಾರಿ ಹೊಲಕ್ಕೆ ಬಿದ್ದವು. ಟಗರು ಎಲ್ಲರಿಗಿಂತ ಮುಂದೆ ಓಡಿತು. ರಾಜನ ಹಾಗೆ ಮರದ ಹತ್ತಿರ ಬರುತ್ತೇನೆ, ಇಪ್ಪತ್ತು ಮಂದಿ ಏದುಸಿರು ಬಿಡುತ್ತ ನಿಂತಿದ್ದಾರೆ! ಒಬ್ಬಳ ಬಗಲಲ್ಲಿ ಕೋಳಿ, ಒಬ್ಬನ ಅರ್ಧ ಗಲ್ಲಕ್ಕೆ ಸಾಬೂನಿನ ನೊರೆ. "ಬಸ್ ಎಲ್ಲೈತ್ರಿ ಮಾಸ್ತರ್ರ?" ಎಂದು ಕೇಳಿದರು. ನಾನು ನಕ್ಕೆ. ಅವರೂ ನಕ್ಕರು, ಆದರೆ ಎಲ್ಲರೂ ಅಲ್ಲ.

ವಾರದೊಳಗೆ ಊರು ಒಂದು ಲೆಕ್ಕ ಹಿಡಿಯಿತು. ನಾನು ಗಡಿಯಾರದ ಮನುಷ್ಯ, ಬರೋಬರಿ ಒಂಬತ್ತಕ್ಕೆ ದಿನ್ನೆಯ ಮೇಲಿರುತ್ತಿದ್ದೆ. ಊರ ಅಗಸಿಯ ಗೋಡೆಯ ನೆರಳು ಅಲ್ಲಿನ ಕಟ್ಟೆಯ ಕಲ್ಲಿಗೆ ಬಂದಾಗ ಕೇಳುವ ಹಾರ್ನು ಮಾಸ್ತರದು, ಅದಕ್ಕೆ ಏಳಬಾರದು. ಅದಕ್ಕಿಂತ ಮೊದಲು ಅಥವಾ ಆಮೇಲೆ ಕೇಳಿದರೆ ಅದು ಬಸ್ಸು, ಓಡಬೇಕು. ನನ್ನ ಶಿಸ್ತಿಗೆ ಊರು ಕೊಟ್ಟ ಮರ್ಯಾದೆ ಇದು ಎಂದು ಶಾಲೆಯಲ್ಲಿ ಮಕ್ಕಳಿಗೂ ಹೇಳಿದೆ. ಎಂಥ ಮೂರ್ಖ!

ರೇಣವ್ವ ನನ್ನ ಕೈಯಲ್ಲಿ ಕಲಿತ ಹುಡುಗಿ. ಕುರಿ ಕಾಯುವ ಮನೆಯವಳು. ಏಳನೆಯದು ಮುಗಿದ ಮೇಲೂ ಬಿಡದೆ, ಸಂಜೆ ನನ್ನ ಹತ್ತಿರ ಓದಿ, ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾಗಿದ್ದಳು. ನರ್ಸ್ ತರಬೇತಿಗೆ ಅರ್ಜಿ ಹಾಕಿಸಿದ್ದೂ ನಾನೇ. ಫೆಬ್ರುವರಿಯ ಒಂದು ಬುಧವಾರ, ಹನ್ನೆರಡು ಗಂಟೆಗೆ ಬಾಗಲಕೋಟೆಯಲ್ಲಿ ಸಂದರ್ಶನ. ಅವಳಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಮನೆಯ ಹಿರಿಯ ಅಜ್ಜ ಲಕ್ಷ್ಮಪ್ಪ ನನ್ನೆದುರಿಗೇ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ: "ನಿಮ್ಮ ಮಾತಿಗಿ ಇದೊಂದ್ ಸಲ ಕಳಸ್ತೇನ್ರಿ ಮಾಸ್ತರ್ರ. ಆಗಲಿಲ್ಲಂದ್ರ ಬರೂ ತಿಂಗಳ ಅಕಿ ಸ್ವಾದರಮಾವಗ ಕೊಡೂದು. ಮತ್ತ ನೀವು ಬಾಯಿ ಹಾಕಬಾರ್ದು." ಸೋದರಮಾವನಿಗೆ ನಲವತ್ತು ದಾಟಿತ್ತು. ರೇಣವ್ವ ತಲೆ ತಗ್ಗಿಸಿ ನಿಂತಿದ್ದಳು. ಅವಳು ಯಾವಾಗಲೂ ಹಾಗೆಯೇ, ನನ್ನೆದುರು "ಹೂಂರಿ" ಬಿಟ್ಟರೆ ಇನ್ನೊಂದು ಮಾತು ಆಡಿದವಳಲ್ಲ.

ಆ ಬುಧವಾರ ನಾನು ಹೊರಡಲು ತಡವಾಯಿತು. ಕಾರಣ ಹೇಳಲು ಇಂದಿಗೂ ನಾಲಿಗೆ ಏಳುವುದಿಲ್ಲ. ಕೆರೂರಿನ ಸ್ಟ್ಯಾಂಡಿನ ಹತ್ತಿರ ಪರಿಚಯದವರು ಸೇರಿ "ಒಮ್ಮಿ ಬಾರಸ್ರಿ, ಕೇಳೂಣು" ಎಂದರು. ಬಾರಿಸಿದೆ. ಇನ್ನೊಮ್ಮೆ ಎಂದರು. ಮತ್ತೆ ಬಾರಿಸಿದೆ. ಚಹಾ ಕುಡಿಸಿದರು, ಕುಡಿದೆ. ಹೀಗೆ ಹದಿನೈದು ಮಿನಿಟು ಹೋಯಿತು.

ದಿನ್ನೆಗೆ ಇನ್ನೂ ಸ್ವಲ್ಪ ಈಚೆ ಇರುವಾಗಲೇ ಬಸ್ಸು ಎದುರಾಯಿತು. ಊರು ಮುಟ್ಟಿ ತಿರುಗಿ ಬರುತ್ತಿತ್ತು. ನಾನು ಬಾರಿಸಿದೆ, ಯಮನಪ್ಪನೂ ಬಾರಿಸಿದ. ಸರೀಕನ ಹಾಗೆ ಜವಾಬು ಕೊಟ್ಟನಲ್ಲ ಎಂದು ಹಿಗ್ಗಿದೆ. ರೇಣವ್ವ ಅದರೊಳಗೇ ಇರಬೇಕೆಂದು, ಧೂಳಿನಲ್ಲಿ ಕಾಣದ ಕಿಟಕಿಗಳ ಕಡೆಗೆ "ಚಲೋ ಆಗಲಿ" ಎಂದು ಕೈ ಬೀಸಿದೆ. ಆಮೇಲೆ ದಿನ್ನೆ ಹತ್ತಿ ರೂಢಿಯಂತೆ ಮೂರು ಸಲ ಬಾರಿಸಿ ಇಳಿದೆ.

ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸುತ್ತಿದ್ದೇನೆ, ಊರ ಕಡೆಯಿಂದ ರೇಣವ್ವ ಓಡಿ ಬರುತ್ತಿದ್ದಾಳೆ. ಹೊಸ ಸೀರೆ, ಕೈಯಲ್ಲಿ ಚೀಲ, ಹಣೆಯ ತುಂಬ ದೇವರು ಬೀರಪ್ಪನ ಭಂಡಾರದ ಅರಿಶಿನ. ಹಿಂದೆ ತಾಯಿ ಸೋಮವ್ವ, ಅವಳ ಹಿಂದೆ ಕೋಲೂರುತ್ತ ಲಕ್ಷ್ಮಪ್ಪ. ನನ್ನನ್ನು ಕಂಡು ಹುಡುಗಿ ಗಕ್ಕನೆ ನಿಂತಳು. ಇವಳು ಇಲ್ಲಿ ಹೇಗೆ? ಬಸ್ಸು ಆಗಲೇ ಹೋಯಿತಲ್ಲ!

"ಬಸ್ಸು?" ಎಂದಳು ಸೋಮವ್ವ.

"ಬಸ್ ಹೋಗ್ಯದಲ್ಲವಾ! ನನಗs ಎದುರಿಗೆ ಸಿಕ್ಕಿತ್ತು."

"ಹೆಂಗ್ ಹೋಗ್ತೈತ್ರಿ? ಈಗಷ್ಟs ದಿನ್ನಿ ಮ್ಯಾಗ ಒದರಿತಲ್ರಿ."

"ಈಗ ಒದರಿದ್ದು ನಾನು."

ಲಕ್ಷ್ಮಪ್ಪ ಅಗಸಿಯ ಕಟ್ಟೆಯ ಕಡೆಗೆ ಒಮ್ಮೆ ನೋಡಿದ, ನನ್ನ ಕಡೆಗೆ ಒಮ್ಮೆ ನೋಡಿದ. "ಹಂಗಾರ ನೆರಳು ಕಲ್ಲಿಗೆ ಬಂದಾಗ ಒದರಿದ್ದು?" ಎಂದ.

ಆಗ ನನಗೆ ಎಲ್ಲ ಹೊಳೆಯಿತು. ಆ ದಿನವೇ ಬಸ್ಸು ಬರೋಬರಿ ಒಂಬತ್ತಕ್ಕೆ ಬಂದಿತ್ತು. ಅದು ಮಾಸ್ತರದು ಎಂದು ಇವರು ಒಳಗೇ ಕೂತಿದ್ದರು. ಯಮನಪ್ಪ ಬೀಡಿ ಸೇದಿ, ಯಾರೂ ಬಾರದ್ದು ನೋಡಿ ತಿರುಗಿ ಹೋಗಿದ್ದ. ನಾನು ಬಾರಿಸಿದಾಗ, ಇದೇ ಬಸ್ಸು ಎಂದು ಹುಡುಗಿ ಹಿರಿಯರಿಗೆ ನಮಸ್ಕಾರ ಮಾಡಿ ಹೊಸ್ತಿಲು ದಾಟಿದ್ದಳು. ನಾಲ್ಕು ವರ್ಷ ಓದಿಸಿದವನೂ ನಾನೇ, ಅದಕ್ಕೆ ಮಣ್ಣು ಹಾಕಿದವನೂ ನಾನೇ.

"ನಿಮ್ಮದೇನ್ ತಪ್ಪೈತ್ರಿ ಮಾಸ್ತರ್ರ, ನಾವs ಗುರುತ ಹಿಡೀಲಿಲ್ಲ," ಎಂದಳು ಸೋಮವ್ವ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೆರೂರಿನಿಂದ ಬಾಗಲಕೋಟೆಗೆ ಮುಂದಿನ ಬಸ್ಸು ಹನ್ನೊಂದೂವರೆಗೆ, ಅದು ಹೋಗಿ ಮುಟ್ಟುವುದರೊಳಗೆ ಸಂದರ್ಶನ ಮುಗಿದಿರುತ್ತಿತ್ತು. ಈ ಬಸ್ಸನ್ನೇ ದಾರಿಯಲ್ಲಿ ಹಿಡಿಯಬೇಕು. "ಹತ್ರಿ, ಇಬ್ಬರೂ ಹತ್ರಿ!" ಎಂದು ಕೂಗಿದೆ. ಪರಗಂಡಸಿನ ಗಾಡಿಯ ಮೇಲೆ ಹೆಣ್ಣುಮಕ್ಕಳು ಕೂರುವ ಊರಲ್ಲ ಅದು. ಆದರೆ ಸೋಮವ್ವ ಒಂದು ಕ್ಷಣವೂ ತಡೆಯಲಿಲ್ಲ. ಮಗಳನ್ನು ನಡುವೆ ಕೂಡಿಸಿ, ಕಚ್ಚೆ ಬಿಗಿದು ಹಿಂದೆ ಹತ್ತಿದಳು. ಲಕ್ಷ್ಮಪ್ಪ ಬಾಯಿ ತೆರೆದವನು ತೆರೆದುಕೊಂಡೇ ನಿಂತ.

ಬಸ್ಸು ಹಾದಿಯ ಹಟ್ಟಿಗಳಲ್ಲೆಲ್ಲ ನಿಂತು ಹೋಗುವಂಥದು. ಆರೇಳು ಕಿಲೋಮೀಟರಿನಲ್ಲಿ ಅದರ ಬೆನ್ನು ಕಂಡಿತು. ದೇವರೇ ಎಂದು ಬಟನ್ನು ಒತ್ತಿ ಹಿಡಿದೆ. ಬಸ್ಸು ನಿಲ್ಲಲಿಲ್ಲ. ನಿಲ್ಲುವುದಿರಲಿ, ಜೋರಾಗಿ ಓಡತೊಡಗಿತು! ಮತ್ತೆ ಬಾರಿಸಿದೆ. ಇನ್ನೂ ಜೋರು. ಆಗ ತಿಳಿಯಿತು: ಹಿಂದೆ ಬರುವುದು ಇನ್ನೊಂದು ಬಸ್ಸು, ತನ್ನನ್ನು ಹಿಂದೆ ಹಾಕಲು ನೋಡುತ್ತಿದೆ ಎಂದು ಯಮನಪ್ಪ ಹಟ ಹಿಡಿದಿದ್ದ. ಇಕ್ಕಟ್ಟಿನ ರಸ್ತೆಯಲ್ಲಿ ಯಾವ ಡ್ರೈವರ ಇನ್ನೊಬ್ಬನಿಗೆ ಸೈಡು ಕೊಟ್ಟಾನು? ಅವನು ಎಬ್ಬಿಸಿದ ಧೂಳಿನೊಳಗೆ ನಮ್ಮ ಸ್ಕೂಟರು ಅವನ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ನಾನು ಬಾರಿಸಿದಷ್ಟೂ ಹುಡುಗಿಯ ಬಸ್ಸು ದೂರವಾಗುತ್ತಿತ್ತು. ಬಟನ್ನಿನಿಂದ ಕೈ ತೆಗೆದೆ. ಅಳು ಬಂದಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಆಗ ನನ್ನ ಬೆನ್ನ ಹಿಂದಿನಿಂದ ಒಂದು ಕೂಗು ಎದ್ದಿತು. ಹೊಲಕ್ಕೆ ನುಗ್ಗಿದ ಹಿಂಡನ್ನು ತಿರುಗಿಸಲು ಕುರಿ ಕಾಯುವವರು ಹಾಕುವ ಕೂಗು. ಸೆರಗು ಬಾಯಿಗೆ ಹಿಡಿದೇ ಮಾತಾಡುತ್ತಿದ್ದ ಸೋಮವ್ವನ ಗಂಟಲಿನಿಂದ ಅದು ಬಂದಿತ್ತು! ನನಗೆ ಹ್ಯಾಂಡಲ್ಲು ತಪ್ಪುವುದೊಂದು ಬಾಕಿ. ಮತ್ತೆ ಕೂಗಿದಳು, ಮತ್ತೂ ಕೂಗಿದಳು. ಬಸ್ಸಿನ ಹಿಂದಿನ ಕಿಟಕಿಯಿಂದ ರುಮಾಲಿನ ತಲೆಯೊಂದು ಹೊರಗೆ ಬಂತು. ಯಾರೋ ಕುರಿಯವನೇ ಇರಬೇಕು, ಬಸ್ಸಿನ ತಗಡನ್ನು ದಬದಬ ಬಡಿಯತೊಡಗಿದ. ಬಸ್ಸು ನಿಂತಿತು.

ಯಮನಪ್ಪ ಕೆಳಗೆ ಹಾರಿ ಬಂದ. "ಎಲ್ಲೈತಿ ಆ ಬಸ್ಸು? ಯಾವನಾಂವ?" ಎಂದು ನನ್ನನ್ನು ದಾಟಿ ರಸ್ತೆಯ ಉದ್ದಕ್ಕೂ ಹುಡುಕಿದ. ನಾನು ಗಾಡಿ ಓರೆ ಮಾಡಿ ತಾಯಿ ಮಗಳನ್ನು ಇಳಿಸಿದೆ. ಸೋಮವ್ವ ಹತ್ತಿದಳು. ರೇಣವ್ವ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, ಮೊಟ್ಟಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಸರ, ಅದನ್ನ ತಗಸ್ರಿ," ಎಂದಳು. "ನಮ್ಮೂರಾಗ ಬಸ್ಸಿಗಿ ಹೋಗೋರು ನಾ ಒಬ್ಬಾಕೀನs ಅಲ್ರಿ."

ಬಸ್ಸು ಹೋಯಿತು. ಕೆನ್ನೆಗೆ ಹೊಡೆಸಿಕೊಂಡವನಂತೆ ಅಲ್ಲೇ ನಿಂತೆ. ನಿಂತಲ್ಲಿಯೇ ವೈರು ಕಿತ್ತೆ. ಮುಂದಿನ ರವಿವಾರ ಹಾರ್ನು ತೆಗೆಸಲು ಇಮಾಮಸಾಬನ ಹತ್ತಿರ ಹೋದರೆ ಅವನು, "ಯಾಕ್ರಿ ಸರ, ದನಿ ಸಾಲಲಿಲ್ಲೇನು?" ಎಂದು ಕೇಳಿದ. ನನ್ನ ಮುಖ ನೋಡಿ ಸ್ಪ್ಯಾನರು ಹುಡುಕಿದ.

ಇಪ್ಪತ್ತು ದಿನಕ್ಕೆ ಪತ್ರ ಬಂತು. ರೇಣವ್ವ ಆಯ್ಕೆಯಾಗಿದ್ದಳು. ನನ್ನ ಪಾಪ ತೊಳೆಯಿತು ಎಂದುಕೊಂಡೆ. ಅವಳು ತರಬೇತಿಗೆ ಹೊರಟ ದಿನ ನಾನು ಸದ್ದಿಲ್ಲದೆ, ಹಳೆಯ ಕೆಮ್ಮಿನ ಹಾರ್ನೂ ಬಾರಿಸದೆ, ಎಂಟೂಕಾಲಿಗೇ ಕಲ್ಲದಿನ್ನಿಗೆ ಬಂದೆ. ನೋಡುತ್ತೇನೆ, ಬೇವಿನ ಮರದ ಕೆಳಗೆ ಅರ್ಧ ಊರು ಕೂತಿದೆ. ರೇಣವ್ವ ಟ್ರಂಕಿನ ಮೇಲೆ, ಸೋಮವ್ವ ನೆಲದ ಮೇಲೆ, ಸಂತೆಗೆ ಹೊರಟವರು, ದವಾಖಾನೆಗೆ ಹೊರಟ ಒಬ್ಬ ಬಾಣಂತಿ ಕೂಸಿನ ತಲೆಗೆ ಸೆರಗು ಹಿಡಿದುಕೊಂಡು. ಹೊತ್ತು ಮೂಡಿದಾಗಿನಿಂದ ಕೂತಿದ್ದಾರಂತೆ. ಇವತ್ತಷ್ಟೇ ಅಲ್ಲ, ಆ ಬುಧವಾರದಿಂದ ದಿನಾ ಹೀಗೆಯೇ ಅಂತೆ. ಮರದ ಕಡೆ ಬಾರದೆಯೂ ಶಾಲೆಗೆ ಹೋಗಲು ಊರ ಇನ್ನೊಂದು ಮಗ್ಗುಲಿಗೆ ಬಳಸುದಾರಿ ಇತ್ತು. ಅಂದಿನಿಂದ ತಲೆ ಎತ್ತಲಾರದೆ ನಾನು ಅದೇ ದಾರಿಯಿಂದ ಹೋಗಿ ಬರುತ್ತಿದ್ದೆನಾಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂಬತ್ತೂಕಾಲಿಗೆ ದಿನ್ನೆಯ ಮೇಲೆ ಯಮನಪ್ಪ ಮೂರು ಸಲ ಬಾರಿಸಿದ. ಒಬ್ಬರೂ ಕತ್ತು ತಿರುಗಿಸಲಿಲ್ಲ. ಬಾಣಂತಿಯೂ ಏಳಲಿಲ್ಲ.

"ಲಕ್ಷ್ಮಪ್ಪಾ, ಬಸ್ ಬಂತೋ," ಎಂದೆ. "ನಾ ಇಲ್ಲೇ ನಿಮ್ಮ ಮುಂದs ನಿಂತೇನಿ. ಇದು ಬಸ್ಸs ಅದ."

ಮುದುಕ ದಿನ್ನೆಯ ಕಡೆಗೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೂತೇ ಇದ್ದ. "ಬರ್ಲಿ ತಗೋರಿ ಮಾಸ್ತರ್ರ," ಎಂದ. "ಕಣ್ಣಿಗಿ ಕಂಡ ಮ್ಯಾಲ ಏಳೂಣು."