ದೂರದಣ್ಣ

ಎದುರು ಬೀದಿಯ ಹಳೇ ನೀರಿನ ಟ್ಯಾಂಕನ್ನು ನಾಳೆ ಬೆಳಗ್ಗೆ ಕೆಡವುತ್ತಾರೆ ಎಂದು ಹೇಳಲು ನಮ್ಮ ಕಟ್ಟಡದ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದಿದ್ದ. ಏದುಸಿರು ಬಿಡುತ್ತಿದ್ದವನಿಗೆ ಕುರ್ಚಿ ಕೊಟ್ಟೆ. ನೀರು ಕೊಡಲಿಲ್ಲ, ಅಷ್ಟು ಕೋಪ ಬಂದಿತ್ತು.

"ಅಕ್ಕಾ, ಆ ಟ್ಯಾಂಕಿಗೆ ಕಟ್ಟಿದೀರಲ್ಲ, ನಿಮ್ಮ ಬಟ್ಟೆ ತಂತಿ, ಅದನ್ನ ಬಿಚ್ಚಿಬಿಡಿ. ಕ್ರೇನಿಗೆ ಸಿಕ್ಕಿಹಾಕ್ಕೊಂಡ್ರೆ ಕಷ್ಟ."

"ಬಟ್ಟೆ ತಂತಿ ಅಲ್ಲ ಕಣಪ್ಪ, ಆಂಟೆನಾ. ಬೀದಿ ಮೇಲೆ ಯಾರಾದ್ರೂ ಬಟ್ಟೆ ಒಣಗಿಸ್ತಾರಾ?"

"ನೀವು ಒಣಗಿಸಿದ್ರೂ ಒಣಗಿಸ್ತೀರಿ," ಎಂದು ನಕ್ಕ. "ಟೆರೇಸ್ ಮೇಲೇ ಸುತ್ತಿ ಹಾಕ್ಕೊಳ್ಳಿ."

ಸುತ್ತಿ ಹಾಕಿಕೊಳ್ಳಬೇಕಂತೆ! ನನ್ನದು ಹವ್ಯಾಸಿ ರೇಡಿಯೋ, ಮನೆಯಿಂದಲೇ ದೂರದೇಶದವರ ಜೊತೆ ಮಾತಾಡುವುದು. ಅದರಲ್ಲೂ ತೀರಾ ಕೆಳಗಿನ ಬ್ಯಾಂಡು, ಅಂದರೆ ತರಂಗಪಟ್ಟಿ. ಅಲ್ಲಿ ಅಲೆ ಉದ್ದ, ಆದ್ದರಿಂದ ತಂತಿಯೂ ಉದ್ದ ಬೇಕು. ನಮ್ಮ ಟೆರೇಸಿನಿಂದ ಹೊರಟು, ಬೀದಿ ದಾಟಿ, ಟ್ಯಾಂಕಿನ ನೆತ್ತಿ ಮುಟ್ಟುವಷ್ಟು. ಅದನ್ನು ಮಡಿಚಿ ಸುತ್ತಿದರೆ ಪಕ್ಕದೂರು ಮುಟ್ಟೀತು, ಸಮುದ್ರ ದಾಟದು. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. "ಆಯ್ತು, ಹೋಗು ಮಾರಾಯ," ಎಂದೆ.

ಅವನು ಹೋದಮೇಲೆ ಟೆರೇಸಿಗೆ ಹೋಗಿ ತಂತಿಯನ್ನೇ ನೋಡುತ್ತ ನಿಂತೆ. ನನ್ನ ಪಾಲಿಗೆ ಆ ತಂತಿಯ ಇನ್ನೊಂದು ತುದಿ ಟ್ಯಾಂಕಿನಲ್ಲಿರಲಿಲ್ಲ, ಸಮುದ್ರದಾಚೆಯ ನನ್ನ ದೂರದಣ್ಣನ ಮನೆಯಲ್ಲಿತ್ತು.

ನಾನು ಹಲ್ಲಿನ ಸೆಟ್ ಮಾಡುವವಳು. ದಂತವೈದ್ಯರು ಕಳಿಸಿದ ಅಚ್ಚು ಮುಂದಿಟ್ಟುಕೊಂಡು, ಲ್ಯಾಬಿನ ಹಿಂದಿನ ಕೋಣೆಯಲ್ಲಿ ಕೂತು, ಮೇಣ ತಿದ್ದಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತೇನೆ. ಇಡೀ ದಿನ ಊರಿನವರ ಬಾಯಿ ನನ್ನ ಕೈಯಲ್ಲಿ, ಒಂದಾದರೂ ಮಾತಾಡಬೇಕಲ್ಲ! ಮನೆಗೆ ಬಂದರೆ ನಾಲ್ಕು ಗೋಡೆ. ತಂಗಿ ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿ, ತನ್ನ ಮನೆಯ ಹೊಸ ಪರದೆಯ ಬಣ್ಣ ವರ್ಣಿಸಿ, ನಾನು ಹೂಂ ಅನ್ನುವಷ್ಟರಲ್ಲಿ ಇಟ್ಟುಬಿಡುತ್ತಾಳೆ. ಮಾತಿಗೆ ಅಂತ ನನಗಿದ್ದದ್ದು ದೂರದಣ್ಣ ಒಬ್ಬನೇ. ಅದೂ ಸಂಜೆ ಒಂದಿಷ್ಟು ಹೊತ್ತು ಮಾತ್ರ. ಹಗಲಲ್ಲಿ ಈ ಅಲೆಗಳನ್ನು ಬಿಸಿಲು ನುಂಗಿಬಿಡುತ್ತದೆ. ನನಗೆ ಸೂರ್ಯ ಮುಳುಗುವ ಹೊತ್ತಿಗೆ ಅವನಿಗೆ ಹುಟ್ಟುತ್ತಾನೆ. ಆ ಕತ್ತಲು ಬೆಳಕಿನ ಗಡಿಯ ಉದ್ದಕ್ಕೂ ದಾರಿ ಕೊಂಚ ಹೊತ್ತು ತೆರೆದು, ಅವನ ಕಡೆ ಬಿಸಿಲೇರಿದ ಹಾಗೆ ಮುಚ್ಚಿಕೊಳ್ಳುತ್ತದೆ.

ನಮ್ಮ ಮಾತು ಬಾಯಿಯದಲ್ಲ, ಮೋರ್ಸ್ ಕೋಡಿನದು. ಕೀಲಿ ಒತ್ತಿ ಕಳಿಸುವ ಗಿಡ್ಡ ಉದ್ದದ ಪೀಂಗುಟ್ಟುವಿಕೆ. ಅದರಲ್ಲಿ ಗಂಡು ದನಿ, ಹೆಣ್ಣು ದನಿ ಅಂತಿಲ್ಲ. ಎದುರಿನವರನ್ನು ಸಲುಗೆಯಿಂದ 'ಓಎಂ' ಎಂದು ಕರೆಯುವುದು ನಮ್ಮವರ ವಾಡಿಕೆ. ಓಲ್ಡ್ ಮ್ಯಾನ್, ಅಂದರೆ ಮುದುಕಪ್ಪ. ಹೆಂಗಸಾದರೆ 'ವೈಎಲ್', ಯಂಗ್ ಲೇಡಿ. ಮೀಸೆ ಚಿಗುರದ ಹುಡುಗನೂ ಇಲ್ಲಿ ಮುದುಕಪ್ಪ. ನನ್ನ ಹತ್ತಿರ ಹಲ್ಲು ಸೆಟ್ ಮಾಡಿಸಿಕೊಳ್ಳುವ ಅಜ್ಜಿಯೂ ತರುಣಿ. ತಾವಾಗಿ ಹೇಳದಿದ್ದರೆ ಎಲ್ಲರೂ ಮುದುಕಪ್ಪಂದಿರೇ.

ಮೊದಮೊದಲು ನಾನು ಹೇಳುತ್ತಿದ್ದೆ. ಅಲ್ಲಿಯವರೆಗೆ ಆಂಟೆನಾದ ಬಗ್ಗೆ ಮಾತಾಡುತ್ತಿದ್ದವರು ವಯಸ್ಸು ಕೇಳಿದರು, ಮದುವೆ ಕೇಳಿದರು. ಒಬ್ಬನಂತೂ ರೇಡಿಯೋ ಗಂಡನದಾ ಎಂದ. ಮೈಯೆಲ್ಲ ಉರಿದುಹೋಯಿತು. ಆಮೇಲೆ ದೂರದಣ್ಣ ಸಿಕ್ಕ. ಮೊದಲ ಸಂಜೆ 'ನಮಸ್ಕಾರ ಓಎಂ' ಎಂದ. ನಾನೂ ತುಟಿ ಬಿಚ್ಚದೆ 'ನಮಸ್ಕಾರ ಓಎಂ' ಎಂದೆ. ಹೆಸರು ಕೇಳಿದ್ದಕ್ಕೆ ಪುಟ್ಟಿ ಎಂದೆ. ಅಷ್ಟು ದೂರದವರಿಗೆ ಪುಟ್ಟಿ ಗಂಡೋ ಹೆಣ್ಣೋ ಏನು ಗೊತ್ತಾಗಬೇಕು? ಅವನು 'ಜೋ' ಎಂದ. ಒಳ್ಳೇ ಜೋಗುಳ ಹಾಡಿದ ಹಾಗಿದೆ ಎಂದು ನಕ್ಕು, ನನ್ನಷ್ಟಕ್ಕೆ ದೂರದಣ್ಣ ಎಂದು ಕರೆದುಕೊಂಡೆ.

ವರ್ಷಗಳೇ ಉರುಳಿದವು. ಅವನು ಕಡಲ ದಂಡೆಯಲ್ಲಿ ಒಂಟಿಯಾಗಿದ್ದು ಮೀನಿನ ಬಲೆ ರಿಪೇರಿ ಮಾಡುತ್ತಿದ್ದ. ಮೊಣಕಾಲು ನೋವಿತ್ತು. ಬಿರುಗಾಳಿಗೆ ಅವನ ಆಂಟೆನಾ ಕಂಬ ಬಿದ್ದು ಸದ್ದಡಗಿದಾಗ ನನಗೆ ಇಲ್ಲಿ ತುತ್ತು ಇಳಿದಿರಲಿಲ್ಲ. ನಾನು ಜ್ವರದಲ್ಲಿ ಮಲಗಿದ್ದಾಗ ಅವನು ದಿನಾ ಕರೆದನಂತೆ. ನಾನು ಅವನಿಗೆ ಮನಸ್ಸಿನಲ್ಲೇ ಎದೆಯುದ್ದ ಗಡ್ಡ ಬೆಳೆಸಿದ್ದೆ. ತಂಗಿಗೆ ಗೊತ್ತಿಲ್ಲದ್ದೆಲ್ಲ ಅವನಿಗೆ ಗೊತ್ತಿತ್ತು, ನಾನು ಹೆಂಗಸು ಅನ್ನುವುದೊಂದನ್ನು ಬಿಟ್ಟು.

ವಿಳಾಸ ಕೇಳಿಕೊಳ್ಳಬಹುದಿತ್ತು ಅನ್ನುತ್ತೀರಿ. ಅವನ ದೇಶದ ಹವ್ಯಾಸಿಗಳ ಪಟ್ಟಿಯಲ್ಲಿ ಬರೀ ಕರೆಗುರುತು, ಅಂದರೆ ರೇಡಿಯೋಗೆ ಸರ್ಕಾರ ಕೊಟ್ಟ ಸಂಕೇತಾಕ್ಷರ, ಇರುತ್ತದೆ. ವಿಳಾಸ ಅವನನ್ನೇ ಕೇಳಬೇಕು. ಕೇಳಿದರೆ ನನ್ನದೂ ಕೊಡಬೇಕು, ಪೂರ್ತಿ ಹೆಸರು ಕೊಡಬೇಕು. ಆಮೇಲೆ ಅವನೂ ಉಳಿದವರ ಹಾಗೆ ಹಲ್ಲು ಕಿರಿದರೆ? ಆ ಭಯಕ್ಕೇ ಮುಂದೂಡುತ್ತ ಬಂದಿದ್ದೆ. ಈಗ ಮುಂದೂಡಲು ಇನ್ನೊಂದು ಸಂಜೆ ಇರಲಿಲ್ಲ.

ಹೊತ್ತು ಮುಳುಗುತ್ತಿದ್ದಂತೆ ಹೆಡ್‌ಫೋನ್ ಹಾಕಿ ಕೂತೆ. ಚಟಪಟ ಸದ್ದಿನ ಅಡಿಯಿಂದ ಅವನು ಎದ್ದು ಬಂದ, ಎಂದಿನ ಹಾಗೆ ಕೊನೆಯ ಅಕ್ಷರ ಕೊಂಚ ಎಳೆಯುತ್ತ.

ನಾಳೆ ತಂತಿ ಇಳಿಯುತ್ತದೆ, ಇನ್ನು ಸಿಗಲಾರೆ ಎಂದು ಕಳಿಸಿದೆ.

ನಿಧಾನವಾಗಿ ಉತ್ತರ ಬಂತು: 'ನೀನೂ ಹೋದರೆ ನನಗೆ ಬೆಳಗಾಗುವುದು ಯಾತಕ್ಕೆ, ಓಎಂ?'

ಅಯ್ಯೋ ದೇವರೇ, ಕಣ್ಣು ತುಂಬಿಬಿಟ್ಟವು. ಎರಡು ಸಲ ತಪ್ಪಿ, ಮತ್ತೆ ಕಳಿಸಿದೆ: 'ಜೋ, ನಾನು ಓಎಂ ಅಲ್ಲ. ವೈಎಲ್.'

ಚಟಪಟ, ಚಟಪಟ. ಹೋದ, ಹೆಂಗಸೆಂದು ತಿಳಿದು ಇವನೂ ಬದಲಾದ ಅಂದುಕೊಂಡೆ. ಹೆಡ್‌ಫೋನ್ ತೆಗೆಯಲು ಕೈ ಎತ್ತಿದಾಗ ಬಂತು: 'ನಾನೂ.'

ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳು ಎಂದೆ.

'ನಾನೂ ವೈಎಲ್. ಓಎಂ ಅಂದರೂ ನೀನು ತಿದ್ದಲಿಲ್ಲ. ಗಂಡಸು ಅಂದುಕೊಂಡೆ. ಹೆದರಿ ಸುಮ್ಮನಾದೆ.'

ಅಷ್ಟು ವರ್ಷ ನಾನು ಬೆಳೆಸಿದ್ದ ಗಡ್ಡ ಒಂದೇ ಏಟಿಗೆ ಉದುರಿತು. ನನಗೆ ನಗು ಉಕ್ಕಿತು. ಮೋರ್ಸಿನಲ್ಲಿ ನಗುವುದಕ್ಕೆ 'ಹೈ ಹೈ' ಅನ್ನುತ್ತೇವೆ. ನಾನು ಹೈ ಹೈ ಎಂದೆ, ಅವಳು ಹೈ ಹೈ ಎಂದಳು. ಹುಚ್ಚುಮುಂಡೇವು, ನಿಲ್ಲಿಸಲೇ ಇಲ್ಲ. ಅವಳ ದನಿ ತೆಳ್ಳಗಾಗುತ್ತಿದೆ, ಅಲ್ಲಿ ಬಿಸಿಲೇರುತ್ತಿದೆ ಎಂದು ಹೊಳೆದದ್ದು ತಡವಾಗಿ. ಗಾಬರಿಯಿಂದ ವಿಳಾಸ ಕೇಳಿದೆ. ಮತ್ತೆ ಕೇಳಿದೆ. ನನ್ನದನ್ನು ಮೂರು ಸಲ ಕಳಿಸಿದೆ. ಕೇಳಿಸಿತೋ ಇಲ್ಲವೋ. ಆ ಕಡೆಯಿಂದ ಬರುತ್ತಿದ್ದದ್ದು ಹೈ ಹೈ ಒಂದೇ. ಆಮೇಲೆ ಅದೂ ಇಲ್ಲ.

ಬೆಳಗ್ಗೆ ಕ್ರೇನ್ ಬಂತು. ನಾನು ಟೆರೇಸಿನಲ್ಲಿ ತಂತಿ ಸುತ್ತುತ್ತಿದ್ದೆ. ಕಾರ್ಯದರ್ಶಿಗೆ ಪಾಪ ಅನ್ನಿಸಿತೇನೋ, ಇನ್ನೊಂದು ತುದಿ ಹಿಡಿದುಕೊಂಡ.

"ಅಲ್ಲಕ್ಕಾ, ಇಷ್ಟು ವರ್ಷ ಇದರಲ್ಲಿ ಯಾರ್ ಹತ್ರ ಮಾತಾಡ್ತಿದ್ರಿ?"

"ನಮ್ಮಕ್ಕನ ಹತ್ರ."

"ಅಕ್ಕಾನಾ? ನಿಮಗೆ ತಂಗಿ ಒಬ್ಬಳೇ ಅಂತಿದ್ರಲ್ಲ?"

"ನನಗೂ ನಿನ್ನೇನೇ ಗೊತ್ತಾಗಿದ್ದು ಕಣಪ್ಪ," ಎಂದೆ.